ಯಾರ ಎಣಿಕೆಗೆ ಯಾರ ಉಸಿರು?

ಪಶ್ಚಿಮೋತ್ತಾನಾಸನಕ್ಕೆ ಕೂತವರ ಕಣ್ಣು ಸಾಮಾನ್ಯವಾಗಿ ಕಾಲ್ಬೆರಳ ಮೇಲೇ ಇರುತ್ತದೆ. ಕೈ ಅಲ್ಲಿಗೆ ಮುಟ್ಟಿದರೆ ಆಸನ ಬಂತು, ಮುಟ್ಟದಿದ್ದರೆ ಬರಲಿಲ್ಲ ಎಂಬ ಲೆಕ್ಕ. ಮುಟ್ಟಲೇಬೇಕೆಂದು ಹಟ ಹಿಡಿದಾಗ ಬೆನ್ನು ಗೂನಾಗುತ್ತದೆ, ಮಂಡಿ ನೆಲ ಬಿಟ್ಟು ಏಳುತ್ತದೆ, ಭುಜಗಳು ಕಿವಿಯ ಹತ್ತಿರ ಬಂದು ನಿಲ್ಲುತ್ತವೆ. ಇದೆಲ್ಲಕ್ಕೂ ಮೊದಲೇ ಆಗಿರುವ ಇನ್ನೊಂದು ಸಂಗತಿ ಗಮನಕ್ಕೇ ಬಂದಿರುವುದಿಲ್ಲ. ಉಸಿರು ಕಟ್ಟಿಬಿಟ್ಟಿರುತ್ತದೆ. ಗಂಟಲು ಬಿಗಿಯಾಗಿ, ಹೊಟ್ಟೆ ಕಲ್ಲಾಗಿ, ಹಿಡಿದಿಟ್ಟ ಗಾಳಿ ಆಸನ ಬಿಟ್ಟ ಮೇಲೆ ಒಮ್ಮೆಗೇ ಹೊರಗೆ ನುಗ್ಗುತ್ತದೆ. ಬೆರಳು ಮುಟ್ಟಿದ ಖುಷಿಯಲ್ಲಿ ಆ ಸದ್ದು ಯಾರ ಕಿವಿಗೂ ಬೀಳುವುದಿಲ್ಲ.

ಅದೇ ಆಸನವನ್ನು ಬೇರೆ ಬಗೆಯಲ್ಲೂ ಮಾಡಬಹುದು. ಮಡಚಿದ ಕಂಬಳಿಯ ಅಂಚಿನ ಮೇಲೆ ಕೂತು, ಮಂಡಿಯನ್ನು ಬೇಕಾದಷ್ಟು ಮಡಚಿಕೊಳ್ಳಬೇಕು. ಉಸಿರು ಎಳೆದುಕೊಳ್ಳುವಾಗ ಬೆನ್ನು ಉದ್ದವಾಗಲು ಬಿಡಬೇಕು. ಉಸಿರು ಬಿಡುವಾಗ ಹೊಟ್ಟೆ ತೊಡೆಯ ಕಡೆಗೆ ತಾನಾಗಿ ಎಷ್ಟು ಇಳಿಯುತ್ತದೋ ಅಷ್ಟೇ ಇಳಿಯಲಿ. ಮುಂದಿನ ಪೂರಕಕ್ಕೆ ಮೈ ಒಂದೆಳೆ ಮೇಲೆ ಬರುತ್ತದೆ, ರೇಚಕಕ್ಕೆ ಒಂದೆಳೆ ಕೆಳಗೆ ಹೋಗುತ್ತದೆ. ಹೀಗೆ ಎಂಟು ಹತ್ತು ಉಸಿರು ಕಳೆದರೆ ತೊಡೆಯ ಹಿಂಬದಿಯ ಬಿಗಿ ಸಡಿಲವಾದದ್ದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಕೈ ಎಲ್ಲಿಗೆ ಮುಟ್ಟಿತು ಎಂಬ ಪ್ರಶ್ನೆ ಅಷ್ಟರಲ್ಲಿ ಮರೆತೇ ಹೋಗಿರುತ್ತದೆ.

ಹೀಗಾಗುವುದಕ್ಕೆ ಕಾರಣ ಮೈಯ ರಚನೆಯಲ್ಲೇ ಇದೆ. ಸ್ನಾಯುವಿನೊಳಗೆ ಅದರ ಉದ್ದವನ್ನೂ ಆ ಉದ್ದ ಬದಲಾಗುವ ವೇಗವನ್ನೂ ಅಳೆಯುವ ಸೂಕ್ಷ್ಮ ಗ್ರಾಹಕಗಳಿವೆ. ಥಟ್ಟನೆ ಜಗ್ಗಿದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ನಾವು ಯೋಚಿಸುವ ಮೊದಲೇ ಸ್ನಾಯು ಮುದುಡಿಕೊಳ್ಳುತ್ತದೆ. ನಿಧಾನವಾಗಿ ಹೋದಾಗ ಈ ವಿರೋಧ ಅಷ್ಟು ಜೋರಾಗಿ ಏಳುವುದಿಲ್ಲ. ಉಸಿರಿನದ್ದೂ ಇದರಲ್ಲಿ ಪಾಲಿದೆ. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ತುಸು ಏರುತ್ತದೆ. ಬಿಡುವಾಗ ವೇಗಸ್ ನರದ ಹಿಡಿತ ಹೆಚ್ಚಿ ತುಸು ಇಳಿಯುತ್ತದೆ. ನಾಡಿಯ ಮೇಲೆ ಬೆರಳಿಟ್ಟುಕೊಂಡು ದೀರ್ಘವಾಗಿ ಉಸಿರಾಡಿದರೆ ಇದನ್ನು ಗುರುತಿಸಬಹುದು. ಜೀರ್ಣಕ್ರಿಯೆ ನಮ್ಮ ಮಾತು ಕೇಳುವುದಿಲ್ಲ, ಎದೆಬಡಿತ ನೇರವಾಗಿ ಕೇಳುವುದಿಲ್ಲ. ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ಹೇಳಿದಂತೆಯೂ ನಡೆಯುತ್ತದೆ. ಒಳಗೆ ಏನಾಗುತ್ತಿದೆ ಎಂದು ತಿಳಿಯುವುದಕ್ಕೂ ಅದನ್ನು ಮೆಲ್ಲಗೆ ತಿದ್ದುವುದಕ್ಕೂ ಇಷ್ಟು ಸುಲಭವಾಗಿ ಸಿಗುವ ಇನ್ನೊಂದು ದಾರಿ ಮೈಯಲ್ಲಿ ಇಲ್ಲ.

ನಿಮ್ಮ ಮೈ, ನಿಮ್ಮ ಉಸಿರು ಏನು ಹೇಳುತ್ತದೋ ಅದನ್ನು ಕೇಳಿಕೊಂಡು ಮಾಡಿ ಎನ್ನುವ ಮಾತು ಈಗ ಯೋಗ ತರಗತಿಗಳಲ್ಲೆಲ್ಲ ಕೇಳಿಬರುತ್ತದೆ. ಆಸನಾಭ್ಯಾಸದಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ ಎಂದು ನಾನು ನಂಬಿದ್ದೇನೆ. ಆದರೆ ಅದನ್ನು ಹೇಳುವ ರೀತಿಯಲ್ಲಿ ದೊಡ್ಡ ಕೊರತೆಯಿದೆ. ಕೇಳಿಸಿಕೊಳ್ಳುವುದು ಹುಟ್ಟಿನಿಂದಲೇ ಎಲ್ಲರಿಗೂ ಬಂದಿದೆ ಎಂಬಂತೆ ಒಂದು ವಾಕ್ಯ ಹೇಳಿ ಶಿಕ್ಷಕರು ಕೈತೊಳೆದುಕೊಳ್ಳುತ್ತಾರೆ. ಕೇಳುವುದೂ ಒಂದು ವಿದ್ಯೆ. ಅದನ್ನು ಕಲಿಸಬೇಕು, ತಪ್ಪಿದರೆ ತಿದ್ದಬೇಕು, ಅದಕ್ಕೆ ವರ್ಷಗಳು ಬೇಕು. ಈ ವಿದ್ಯೆ ಎಲ್ಲಿ ಬೆಳೆಯಿತು, ಎಲ್ಲಿ ಕೆಟ್ಟಿತು ಎಂದು ನೋಡುವುದಕ್ಕೆ ದೂರ ಹೋಗಬೇಕಾಗಿಲ್ಲ. ಮೈಸೂರಿಗೆ ಹೋದರೆ ಸಾಕು.

ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಜಗತ್ತಿನ ಯಾವ ಊರಿನಲ್ಲಿ ಇಂದು ಯೋಗ ತರಗತಿಗೆ ಹೋದರೂ ಆ ಶಾಲೆಯ ಗುರುತು ಅಲ್ಲಿ ಎಲ್ಲಾದರೂ ಕಂಡೀತು. 1934ರಲ್ಲಿ ಅವರು ಬರೆದ ‘ಯೋಗ ಮಕರಂದ’ ಕನ್ನಡದ ಪುಸ್ತಕ. 1941ರ ‘ಯೋಗಾಸನಗಳು’ ಕೂಡ ಕನ್ನಡದ್ದೇ. ಇವತ್ತಿನ ಆಸನಾಭ್ಯಾಸದ ಮೂಲಗ್ರಂಥಗಳಲ್ಲಿ ಎರಡು ಮೊದಲು ನಮ್ಮ ಭಾಷೆಯಲ್ಲಿ ಬಂದವು ಎಂಬುದನ್ನು ನಾವೇ ಮರೆತಿದ್ದೇವೆ. ಚಲನೆಯ ಯಾವ ಹಂತದಲ್ಲಿ ಪೂರಕ, ಯಾವ ಹಂತದಲ್ಲಿ ರೇಚಕ ಎಂಬ ವಿವರಕ್ಕೆ ‘ಯೋಗ ಮಕರಂದ’ ಕೊಡುವ ಗಮನ ನೋಡಿದರೆ, ಆಚಾರ್ಯರಿಗೆ ಉಸಿರಿಲ್ಲದ ಆಸನ ಆಸನವೇ ಆಗಿರಲಿಲ್ಲ ಎನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ.

ಆದರೆ ಪುಸ್ತಕದಲ್ಲಿದ್ದ ಈ ಎಚ್ಚರ ಶಾಲೆಯ ನಿತ್ಯದ ಪಾಠದಲ್ಲಿ ಅಷ್ಟೇ ಗಟ್ಟಿಯಾಗಿ ಉಳಿಯಲಿಲ್ಲ. ಅದು ಹುಡುಗರ ಶಾಲೆ, ಅರಮನೆಯ ಶಾಲೆ. ಅತಿಥಿಗಳು ಬಂದರೆ ಪ್ರದರ್ಶನ ನಡೆಯಬೇಕು. ಆಚಾರ್ಯರ ಭಾವಮೈದುನ ಬಿ.ಕೆ.ಎಸ್. ಅಯ್ಯಂಗಾರ್ 1934ರಲ್ಲಿ ಮೈಸೂರಿಗೆ ಬಂದಾಗ ಸೊರಗಿದ, ರೋಗದಿಂದ ಬಳಲಿದ ಹುಡುಗ. ಗುರುವಿನ ಅಪ್ಪಣೆಗೆ ಎಲ್ಲರೆದುರು ಹನುಮಾನಾಸನ ಮಾಡಿ ತೊಡೆಯ ಸ್ನಾಯು ಹರಿದುಕೊಂಡದ್ದನ್ನು ಮುಂದೆ ಅವರೇ ನೆನಪಿಸಿಕೊಂಡಿದ್ದಾರೆ. ಎರಡು ಕಾಲುಗಳನ್ನೂ ಹಿಂದಕ್ಕೂ ಮುಂದಕ್ಕೂ ಪೂರ್ತಿ ಚಾಚಿ ನೆಲಕ್ಕೆ ಕೂರುವ ಆಸನ ಅದು. ಸಿದ್ಧವಾಗದ ಮೈ ಅದನ್ನು ಬೇಡ ಎಂದೇ ಹೇಳಿರುತ್ತದೆ. ಗುರುವಿನ ಮಾತಿನ ಮುಂದೆ ಅದರ ಮಾತು ನಡೆಯಲಿಲ್ಲ, ಅಷ್ಟೆ.

1937ರಲ್ಲಿ ಪುಣೆಗೆ ಹೋದ ಅಯ್ಯಂಗಾರರು ಮುಂದೆ ಕಟ್ಟಿದ ಪದ್ಧತಿಯನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಇಟ್ಟಿಗೆ, ಬೆಲ್ಟು, ಹಗ್ಗ, ಕುರ್ಚಿ, ಬೆಂಚು ಎಲ್ಲವೂ ಅವರ ಶಾಲೆಗೆ ಬಂದವು. ಬಿಗಿಯಾದ ಮೈಯವರೂ ವಯಸ್ಸಾದವರೂ ಆಸನದಲ್ಲಿ ನೋವಿಲ್ಲದೆ ನಿಲ್ಲಲಿ, ನಿಂತಷ್ಟು ಹೊತ್ತು ಒಳಗೇನಾಗುತ್ತಿದೆ ಎಂದು ನೋಡಲಿ ಎಂಬುದಕ್ಕಾಗಿ. ತ್ರಿಕೋನಾಸನದಲ್ಲಿ ಹಿಂದಿನ ಪಾದದ ಹೊರಅಂಚು ನೆಲಕ್ಕೆ ಒತ್ತಿದೆಯೇ, ಮುಂದಿನ ತೊಡೆ ಹೊರಗಡೆಗೆ ತಿರುಗಿದೆಯೇ ಎಂದು ಅವರು ಕೇಳಿಸಿದ ಪ್ರಶ್ನೆಗಳು ಮೈಯ ಮೂಲೆಮೂಲೆಗೂ ಗಮನ ಕೊಂಡೊಯ್ದವು. ಅವರ ಗದರಿಕೆ ಹೆಸರುವಾಸಿಯಾದದ್ದು. ಪ್ರಾಣಾಯಾಮವನ್ನು ಆಸನ ಪಕ್ವವಾದ ಮೇಲೆಯೇ ಕೊಡಬೇಕೆಂಬುದು ಅವರ ಖಚಿತ ನಿಲುವು. ಇದರಿಂದ ಅವರ ಶಿಷ್ಯರಲ್ಲಿ ಕೆಲವರು ಕೋನಗಳ ಲೆಕ್ಕದಲ್ಲೇ ಕಳೆದುಹೋಗಿ ಉಸಿರನ್ನು ಬದಿಗಿಟ್ಟದ್ದುಂಟು. ಆದರೂ ಮೈಯನ್ನು ಕೇಳಬೇಕಾದರೆ ಮೊದಲು ಅದರ ಅವಯವಗಳ ಪರಿಚಯ ಬೇಕು ಎಂಬುದನ್ನು ಇಷ್ಟು ಶ್ರದ್ಧೆಯಿಂದ ಕಲಿಸಿದವರು ಇನ್ನೊಬ್ಬರಿಲ್ಲ.

ಆಚಾರ್ಯರ ಶಿಷ್ಯರಲ್ಲಿ ಮೈಸೂರಿನಲ್ಲೇ ಉಳಿದವರು ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು. 1948ರಲ್ಲಿ ಲಕ್ಷ್ಮೀಪುರಂನಲ್ಲಿ ಶುರುವಾದ ಅವರ ಶಾಲೆ 2002ರಲ್ಲಿ ಗೋಕುಲಂಗೆ ಬಂತು. ಅಲ್ಲಿ ಕಲಿಸುವ ಕ್ರಮಕ್ಕೆ ಹೊರದೇಶಗಳಲ್ಲಿ ಮೈಸೂರು ಸ್ಟೈಲ್ ಎಂದೇ ಹೆಸರು. ಈ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಸ್ವಂತ ಉಸಿರಿನ ಅಭ್ಯಾಸಕ್ಕೆ ಇದಕ್ಕಿಂತ ಚೆನ್ನಾದ ಏರ್ಪಾಡನ್ನು ನಾನು ಕಂಡಿಲ್ಲ. ಬೆಳಕು ಹರಿಯುವ ಮೊದಲೇ ಕೋಣೆ ತುಂಬುತ್ತದೆ. ಮುಂದೆ ನಿಂತು ಆಜ್ಞೆ ಕೊಡುವವರು ಯಾರೂ ಇಲ್ಲ. ಒಬ್ಬರು ಸೂರ್ಯನಮಸ್ಕಾರದಲ್ಲಿದ್ದರೆ ಪಕ್ಕದವರು ಮರೀಚ್ಯಾಸನದಲ್ಲಿ ಸುತ್ತಿಕೊಂಡಿರುತ್ತಾರೆ, ಮೂಲೆಯಲ್ಲೊಬ್ಬರು ಆಗಲೇ ಶೀರ್ಷಾಸನಕ್ಕೆ ಏರಿರುತ್ತಾರೆ. ಅನುಕ್ರಮ ಎಲ್ಲರಿಗೂ ಒಂದೇ, ಗತಿ ಅವರವರದು. ಪ್ರತಿ ಚಲನೆಗೆ ಒಂದು ಪೂರಕ ಇಲ್ಲವೇ ರೇಚಕ, ಹೆಚ್ಚಿನ ಆಸನಗಳಲ್ಲಿ ಐದು ಉಸಿರಿನ ನಿಲುಗಡೆ. ಆ ಐದು ಉಸಿರು ಒಬ್ಬರಿಗೆ ಇಪ್ಪತ್ತು ಸೆಕೆಂಡು, ಇನ್ನೊಬ್ಬರಿಗೆ ಮುಕ್ಕಾಲು ನಿಮಿಷ. ಗಂಟಲಿನಲ್ಲಿ ಮೆಲ್ಲಗೆ ಸದ್ದಾಗುವಂತೆ ಉಸಿರಾಡುವುದರಿಂದ ಕೋಣೆಯಲ್ಲಿ ಮಾತಿಲ್ಲದಿದ್ದರೂ ಸದ್ದಿರುತ್ತದೆ. ಅನುಭವಿ ಶಿಕ್ಷಕರು ಬೆನ್ನು ಮಾಡಿ ನಿಂತಿದ್ದರೂ ಯಾರ ಉಸಿರು ಹರಿಯಿತು, ಯಾರದು ಕಟ್ಟಿತು ಎಂದು ಹೇಳಬಲ್ಲರು.

ಈ ಏರ್ಪಾಡಿನ ಜಾಣತನ ಎರಡು ಕಡೆ ಇದೆ. ಅನುಕ್ರಮ ಬಾಯಿಪಾಠವಾದ್ದರಿಂದ ಮುಂದೇನು ಎಂಬ ಯೋಚನೆಗೆ ಕೆಲಸವಿಲ್ಲ, ಗಮನವೆಲ್ಲ ಉಸಿರಿಗೇ ಸಿಗುತ್ತದೆ. ದಿನಾ ಅದೇ ಆಸನಗಳನ್ನು ಮಾಡುವುದರಿಂದ ಮೈಯ ಸಣ್ಣ ವ್ಯತ್ಯಾಸಗಳು ಎದ್ದುಕಾಣುತ್ತವೆ. ನಿನ್ನೆ ಸಲೀಸಾಗಿದ್ದ ಉತ್ಥಿತ ಪಾರ್ಶ್ವಕೋಣಾಸನದಲ್ಲಿ ಇವತ್ತು ಎಡ ಸೊಂಟ ಹಿಡಿದುಕೊಂಡಿದೆ ಎಂದರೆ ರಾತ್ರಿ ನಿದ್ದೆ ಕೆಟ್ಟದ್ದೋ, ನಿನ್ನೆ ಬಸ್ಸಿನಲ್ಲಿ ನಾಲ್ಕು ಗಂಟೆ ಕೂತದ್ದೋ ನೆನಪಿಗೆ ಬರುತ್ತದೆ. ವಾರಕ್ಕೊಮ್ಮೆ ಬಿಡುವು, ಅಮಾವಾಸ್ಯೆ ಹುಣ್ಣಿಮೆಗೂ ಬಿಡುವು. ದಿನಕ್ಕೊಂದು ಹೊಸ ಆಸನ, ಹೊಸ ಸಂಗೀತ, ಹೊಸ ಥೀಮ್ ಎಂದು ನಡೆಯುವ ಸ್ಟುಡಿಯೋಗಳಲ್ಲಿ ಈ ಹೋಲಿಕೆಗೆ ಅವಕಾಶವೇ ಇಲ್ಲ. ಅಲ್ಲಿ ಪ್ರತಿದಿನವೂ ಮೈ ಅಪರಿಚಿತವೇ.

ಇಷ್ಟು ಒಳ್ಳೆಯ ಕೋಣೆಯೊಳಗೇ ಅದಕ್ಕೆ ತೀರ ವಿರುದ್ಧವಾದದ್ದೂ ನಡೆಯಿತು. ಆಸನವನ್ನು ತಿದ್ದಲು ಶಿಕ್ಷಕರು ಮೈಮೇಲೆ ಭಾರ ಹಾಕಿ ಒತ್ತುವುದು, ತಿರುಚಿ ಕೂಡಿಸುವುದು ಈ ಪದ್ಧತಿಯಲ್ಲಿ ರೂಢಿಯಾಯಿತು. ಪದ್ಮಾಸನವನ್ನೇ ನೋಡಿ. ಅದಕ್ಕೆ ಬೇಕಾದ ತಿರುವು ತೊಡೆಯ ಮೂಳೆ ಸೊಂಟದ ಗುಳಿಯಲ್ಲಿ ಕೂರುವ ಜಾಗದಿಂದ ಬರಬೇಕು. ಆ ಗುಳಿಯ ಆಳ, ದಿಕ್ಕು ಎಲ್ಲರಲ್ಲೂ ಒಂದೇ ಅಲ್ಲ. ಅಲ್ಲಿಂದ ಬಾರದ ತಿರುವನ್ನು ಪಾದ ಎಳೆದು ಬರಿಸಿದರೆ ಅದನ್ನು ಹೊರುವುದು ಮಂಡಿ. ಮಂಡಿಯೋ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು, ಹಾಗೆ ತಿರುಗುವುದಕ್ಕೆ ಇರುವುದಲ್ಲ. ಮೇಲಿಂದ ಬೀಳುವ ಭಾರಕ್ಕೆ ಮೂಳೆಯ ಆಕಾರ ಕಾಣುವುದಿಲ್ಲ. ಇದಕ್ಕಿಂತ ಘೋರವಾದದ್ದು ಇನ್ನೊಂದು. ತಿದ್ದುವ ನೆಪದಲ್ಲಿ ಜೋಯಿಸರು ತಮ್ಮನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರು ಎಂದು ಅವರ ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದ್ದಾರೆ. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸ್ ಅಂಥ ತಿದ್ದುವಿಕೆಗಳನ್ನು ತಾವೂ ಕಂಡಿದ್ದಾಗಿ ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿದರು.

ಆ ಹೆಂಗಸರು ವರ್ಷಗಟ್ಟಲೆ ಸುಮ್ಮನಿದ್ದರು ಏಕೆ ಎಂದು ಕೇಳುವವರು ಒಂದನ್ನು ಯೋಚಿಸಬೇಕು. ಗುರುವಿನ ಕೈ ತಪ್ಪು ಮಾಡುವುದಿಲ್ಲ, ನಿನಗೆ ಹಿಂಸೆಯಾದರೆ ಅದು ನಿನ್ನ ಅರಿವಿನ ಕೊರತೆ ಎಂದು ಕಲಿಸುವ ಜಾಗದಲ್ಲಿ ಮೈ ಕೂಗಿ ಹೇಳಿದ್ದನ್ನೂ ನಂಬದಿರುವುದೇ ಭಕ್ತಿಯಾಗುತ್ತದೆ. ಸ್ವಂತ ಮೈಯ ಮಾತು ಕೇಳುವುದು ಎಂದರೆ ಆಸನದ ಸುಖದುಃಖ ಮಾತ್ರವಲ್ಲ. ಬೇಡ ಎಂದು ಹೇಳುವ ಹಕ್ಕೂ ಅದರಲ್ಲಿ ಸೇರಿದೆ. ಮುಟ್ಟುವ ಮೊದಲು ಕೇಳಬೇಕು, ಬೇಡವೆಂದರೆ ಕಾರಣ ಕೇಳದೆ ದೂರ ಸರಿಯಬೇಕು. ನಮ್ಮ ಊರುಗಳ ಯೋಗ ಶಿಬಿರಗಳಲ್ಲಿ ಇಷ್ಟು ಸಣ್ಣ ನಿಯಮ ಇವತ್ತಿಗೂ ಅಪರೂಪ ಎನ್ನುವುದು ನನಗೆ ತೀರ ನೋವಿನ ಸಂಗತಿ.

ಕೃಷ್ಣಮಾಚಾರ್ಯರು ಮೈಸೂರು ಬಿಟ್ಟು ಮದ್ರಾಸು ಸೇರಿದ ಮೇಲೆ ಪಾಠದ ರೀತಿಯೇ ಬೇರೆಯಾಯಿತು. ಬರುತ್ತಿದ್ದವರು ರೋಗಿಗಳು, ಗೃಹಸ್ಥರು, ಮುದುಕರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ನಾಡಿ ನೋಡಿ, ವಯಸ್ಸು, ಕೆಲಸ, ಕಾಯಿಲೆ ವಿಚಾರಿಸಿ ಪಾಠ ಕೊಡುತ್ತಿದ್ದರು. ಮಗ ದೇಶಿಕಾಚಾರ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು. ತಂದೆಯ ಈ ಕ್ರಮವನ್ನೇ ಹಿಡಿದು 1976ರಲ್ಲಿ ಕೃಷ್ಣಮಾಚಾರ್ಯ ಯೋಗಮಂದಿರ ಕಟ್ಟಿದರು. ಅಲ್ಲಿ ಕೈ ಎತ್ತುವ ಮೊದಲು ಉಸಿರು ಶುರುವಾಗಬೇಕು, ಕೈ ನಿಂತ ಮೇಲೆ ಉಸಿರು ನಿಲ್ಲಬೇಕು. ಚಲನೆ ಉಸಿರಿನ ಒಳಗೇ ಮುಗಿಯಬೇಕು. ಉಸಿರು ಮೊದಲು ಮುಗಿದುಹೋದರೆ ಚಲನೆ ಹೆಚ್ಚಾಯಿತು ಎಂದರ್ಥ. ಯಾವ ಉಪಕರಣವೂ ಇಲ್ಲದೆ ಯಾರು ಬೇಕಾದರೂ ಬಳಸಬಹುದಾದ ಅಳತೆ ಇದು. ಅಯ್ಯಂಗಾರರಿಂದಲೂ ದೇಶಿಕಾಚಾರರಿಂದಲೂ ಕಲಿತ ಇಟಲಿಯ ವಂದಾ ಸ್ಕಾರವೆಲ್ಲಿ ಇದನ್ನೇ ಇನ್ನೂ ಮುಂದಕ್ಕೆ ಕೊಂಡುಹೋಗಿ, ಬಲವನ್ನೇ ಬಿಟ್ಟು ನೆಲದ ಸೆಳೆತಕ್ಕೂ ಉಸಿರಿಗೂ ಬೆನ್ನೆಲುಬನ್ನು ಒಪ್ಪಿಸುವ ರೀತಿ ಕಂಡುಕೊಂಡರು. 1991ರಲ್ಲಿ ಅವರ ಪುಸ್ತಕ ಬಂದಾಗ ಅವರಿಗೆ ಎಂಬತ್ತು ದಾಟಿತ್ತು.

ಇದೆಲ್ಲ ಹೊಸ ಆವಿಷ್ಕಾರವೂ ಅಲ್ಲ. ಪತಂಜಲಿ ಆಸನಕ್ಕೆಂದು ಮೀಸಲಿಟ್ಟದ್ದು ಮೂರೇ ಸೂತ್ರ. ಅವು ಕೇಳುವುದು ಸ್ಥಿರತೆ, ಸುಖ, ಪ್ರಯತ್ನದ ಸಡಿಲಿಕೆ. ಹಠಯೋಗ ಪ್ರದೀಪಿಕೆ ಪ್ರಾಣವನ್ನು ಕಾಡುಮೃಗಗಳನ್ನು ಪಳಗಿಸುವಷ್ಟೇ ನಿಧಾನವಾಗಿ ಒಲಿಸಿಕೊಳ್ಳಬೇಕೆಂದು ಎಚ್ಚರಿಸುತ್ತದೆ.

ಹೀಗಿದ್ದೂ ನಮ್ಮಲ್ಲಿ ಇಂದು ಹೆಚ್ಚು ಕಣ್ಣಿಗೆ ಬೀಳುವುದು ಮೈದಾನದ ಯೋಗ. 2015ರಿಂದ ಜೂನ್ 21ರಂದು ನಡೆಯುವ ಸಾಮೂಹಿಕ ಅಭ್ಯಾಸ ಯೋಗದ ಹೆಸರನ್ನು ಮನೆಮನೆಗೆ ತಲುಪಿಸಿದೆ, ಅದನ್ನು ಅಲ್ಲಗಳೆಯುವುದಿಲ್ಲ. ರಥಸಪ್ತಮಿಗೆ ನೂರೆಂಟು ಸೂರ್ಯನಮಸ್ಕಾರ ಹಾಕುವವರ ಉತ್ಸಾಹವೂ ದೊಡ್ಡದು. ಆದರೆ ಮೈಕಿನಲ್ಲಿ ಬರುವ ‘ಉಸಿರು ತೆಗೆದುಕೊಳ್ಳುತ್ತಾ’, ‘ಉಸಿರು ಬಿಡುತ್ತಾ’ ಎಂಬ ಸೂಚನೆ ಯಾರ ಉಸಿರಿನ ಅಳತೆಯದು? ಹೇಳುವವರ ಉಸಿರಿನದು ಕೂಡ ಅಲ್ಲ, ಅವರು ಮಾತಾಡುತ್ತಿರುತ್ತಾರೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಕೂತಲ್ಲೇ ಇಷ್ಟು ಅಂತರವಿರುವಾಗ, ಮೂವತ್ತು ನಮಸ್ಕಾರದ ನಂತರ ಹತ್ತು ವರ್ಷದ ಹುಡುಗನಿಗೂ ಅರವತ್ತು ದಾಟಿದ ಅವನ ಅಜ್ಜಿಗೂ ಒಂದೇ ಎಣಿಕೆ ಹೊಂದುವುದು ಹೇಗೆ? ಅಜ್ಜಿ ಸೂಚನೆಗೆ ಸರಿಯಾಗಿ ಕೈ ಎತ್ತುತ್ತಾರೆ, ನಡುವೆ ತಮಗೆ ಬೇಕಾದ ಎರಡು ಉಸಿರನ್ನು ಕದ್ದು ಎಳೆದುಕೊಳ್ಳುತ್ತಾರೆ. ಕಳ್ಳತನದಿಂದ ಎಳೆದುಕೊಂಡ ಆ ಎರಡು ಉಸಿರೇ ಆ ಹೊತ್ತಿನ ನಿಜವಾದ ಯೋಗ ಎಂದು ಅವರಿಗೆ ಹೇಳುವವರು ಬೇಕು.

ಇಷ್ಟಾದ ಮೇಲೂ, ಮೈ ಹೇಳಿದ್ದೇ ವೇದ ಎಂದು ಒಪ್ಪುವುದು ನನ್ನಿಂದಾಗದು. ಮೈ ಹಲವು ಸಂಗತಿಗಳನ್ನು ಹೇಳುವುದೇ ಇಲ್ಲ. ಶೀರ್ಷಾಸನದಲ್ಲಿ ಕಣ್ಣಿನ ಒಳಒತ್ತಡ ಸುಮಾರು ಎರಡು ಪಟ್ಟಾಗುತ್ತದೆ ಎಂದು ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಗ್ಲಾಕೋಮಾ ಇರುವವರಿಗೆ ಇದು ಅಪಾಯದ ಮಾತು. ಆದರೆ ಆ ಒತ್ತಡ ನೋಯುವುದಿಲ್ಲ. ರಕ್ತದೊತ್ತಡ ಏರಿದ್ದೂ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಕೀಲಿನ ಮೃದ್ವಸ್ಥಿಯಲ್ಲಿ ನರಗಳಿಲ್ಲ, ಅದು ಸವೆಯುವಾಗ ತಾನಾಗಿ ಕೂಗಿಕೊಳ್ಳುವುದಿಲ್ಲ. ಹುಟ್ಟಿನಿಂದಲೇ ಕೀಲು ಸಡಿಲವಿರುವವರ ಕತೆ ಇನ್ನೂ ಕಷ್ಟದ್ದು. ಯಾವ ಆಸನವೂ ಅವರಿಗೆ ಸಲೀಸು, ತರಗತಿಯಲ್ಲಿ ಮೆಚ್ಚುಗೆಯೂ ಅವರಿಗೇ. ಎಲ್ಲಿ ನಿಲ್ಲಬೇಕೆಂಬ ಸೂಚನೆ ಅವರ ಮೈಯಿಂದ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ನೋವೂ ಎಲ್ಲ ಸಲ ಆ ಕ್ಷಣಕ್ಕೇ ಕಾಣಿಸಿಕೊಳ್ಳುವುದಿಲ್ಲ. ಸ್ನಾಯು ದಣಿದದ್ದು ಒಂದೆರಡು ದಿನ ಕಳೆದು ತಿಳಿಯುತ್ತದೆ.

ಸೋಮಾರಿತನವೂ ಹೆದರಿಕೆಯೂ ಮೈಯ ಧ್ವನಿಯಲ್ಲೇ ಮಾತಾಡುತ್ತವೆ ಎನ್ನುವುದು ಇನ್ನೊಂದು ತೊಡಕು. ಬೆನ್ನುನೋವಿನಿಂದ ಒಮ್ಮೆ ನರಳಿದವರು ಬಗ್ಗುವುದನ್ನೇ ಬಿಟ್ಟುಬಿಡುತ್ತಾರೆ, ಬಗ್ಗದ ಬೆನ್ನು ಮತ್ತಷ್ಟು ಬಿಗಿಯುತ್ತದೆ. ಅವರು ಮೈಯ ಮಾತು ಕೇಳುತ್ತಿದ್ದಾರೆ ಎಂದು ಬಿಟ್ಟರೆ ಅವರಿಗೆ ಉಪಕಾರವಾಗದು. ಇಲ್ಲೇ ಶಿಕ್ಷಕರು ಬೇಕಾಗುವುದು. ತೊಡೆಯ ನಡುಭಾಗದಲ್ಲಿ ಹರಡಿಕೊಂಡ ಎಳೆತ ಇರಲಿ, ಕೂರುವ ಮೂಳೆಯ ಬುಡದಲ್ಲಿ ಚುಚ್ಚುವ ನೋವು ಬೇಡ. ಮಂಡಿಯ ಒಳಬದಿಯಲ್ಲಿ ಚುರುಕ್ಕೆಂದರೆ ತಕ್ಷಣ ಬಿಡಬೇಕು, ಜೋಮು ಹಿಡಿದರೂ ಬಿಡಬೇಕು. ಇಂಥ ವ್ಯತ್ಯಾಸಗಳನ್ನು ಒಂದೊಂದಾಗಿ ಗುರುತಿಸಿ ಹೇಳಿಕೊಟ್ಟರೆ ಕಲಿಯುವವರಿಗೆ ತಮ್ಮ ಮೈಯ ಮಾತು ಅರ್ಥವಾಗತೊಡಗುತ್ತದೆ.

ಇದನ್ನು ಗುಂಪಿಗೂ ಕಲಿಸಬಹುದು ಎಂಬುದಕ್ಕೆ ಬೆಂಗಳೂರಿನ ಹೊರವಲಯದ ಪ್ರಶಾಂತಿ ಕುಟೀರ ಎಂಬ ಯೋಗಕೇಂದ್ರದಲ್ಲಿ ಎಚ್.ಆರ್. ನಾಗೇಂದ್ರ ರೂಪಿಸಿದ ಆವರ್ತನ ಧ್ಯಾನ ಉದಾಹರಣೆ. ಮಾಂಡೂಕ್ಯ ಕಾರಿಕೆಯ ಒಂದು ಹೊಳಹಿನಿಂದ ಹುಟ್ಟಿದ ಕ್ರಮ ಇದು. ಕಣ್ಣು ಮುಚ್ಚಿ ಅರ್ಧಕಟಿಚಕ್ರಾಸನದಂಥ ಸರಳ ಆಸನವೊಂದನ್ನು ಬಹಳ ನಿಧಾನವಾಗಿ ಮಾಡುವುದು, ಆಮೇಲೆ ಸುಮ್ಮನೆ ನಿಂತು ಇಲ್ಲವೇ ಮಲಗಿ ಅದರ ಪರಿಣಾಮವನ್ನು ಗಮನಿಸುವುದು, ಮತ್ತೆ ಇನ್ನೊಂದು ಆಸನ. ಬಾಗಿದ ಕೈಗೆ ರಕ್ತ ಇಳಿಯುವುದು, ಕೈ ಮರಳಿ ಬಂದಾಗ ಬೆರಳತುದಿ ಜುಮ್ಮೆನ್ನುವುದು, ಎದೆಬಡಿತ ನಿಧಾನಕ್ಕೆ ತಹಬಂದಿಗೆ ಬರುವುದು, ಎಲ್ಲವನ್ನೂ ಗಮನಿಸಲು ಅಲ್ಲಿ ಹೊತ್ತು ಸಿಗುತ್ತದೆ. ಈ ಅಭ್ಯಾಸದ ನಂತರ ಮೈ ಬಳಸುವ ಆಮ್ಲಜನಕ, ಅಷ್ಟೇ ಹೊತ್ತು ಶವಾಸನದಲ್ಲಿ ಮಲಗಿದ್ದಕ್ಕಿಂತ ಹೆಚ್ಚು ಇಳಿದದ್ದನ್ನು ಅಲ್ಲಿಯ ಸಂಶೋಧಕರು ದಾಖಲಿಸಿದ್ದಾರೆ. ಸುಮ್ಮನೆ ಮಲಗುವುದಕ್ಕಿಂತ ಗಮನವಿಟ್ಟ ಚಲನೆ ಹೆಚ್ಚು ವಿಶ್ರಾಂತಿ ಕೊಡುತ್ತದೆ ಎನ್ನುವುದು ನನಗೆ ತುಂಬಾ ಮುಖ್ಯವಾಗಿ ಕಾಣುತ್ತದೆ.

ನನ್ನ ದೊಡ್ಡ ಆತಂಕವಿರುವುದು ಮಕ್ಕಳ ಬಗ್ಗೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾ ಕ್ರೀಡೆಯೆಂದು ಮಾನ್ಯ ಮಾಡಿತು. ಅದಕ್ಕೂ ಮೊದಲೇ ನಮ್ಮ ಜಿಲ್ಲೆ ತಾಲ್ಲೂಕುಗಳಲ್ಲಿ ಯೋಗ ಸ್ಪರ್ಧೆಗಳು ಧಾರಾಳವಾಗಿ ನಡೆಯುತ್ತಿದ್ದವು. ಬೆನ್ನು ಎಷ್ಟು ಬಾಗಿತು, ಕಾಲು ಎಷ್ಟು ಹಿಂದೆ ಹೋಯಿತು ಎಂಬುದು ತೀರ್ಪುಗಾರರ ಕಣ್ಣಿಗೆ ಕಾಣುತ್ತದೆ. ಒಳಗೆ ನಡೆಯುವುದು ಕಾಣುವುದಿಲ್ಲ. ಎಂಟು ವರ್ಷದ ಹುಡುಗಿ ಗಂಡಭೇರುಂಡಾಸನದಲ್ಲಿ ಪಾದಗಳನ್ನು ಕೆನ್ನೆಯ ಪಕ್ಕಕ್ಕೆ ತಂದಾಗ ಸಭಾಂಗಣ ಚಪ್ಪಾಳೆ ತಟ್ಟುತ್ತದೆ. ಎಳೆಯ ಮೈ ಒಪ್ಪಿಕೊಳ್ಳುತ್ತದೆ ಎಂಬುದೊಂದೇ ಅದನ್ನು ಅಷ್ಟು ಬಾಗಿಸುವುದಕ್ಕೆ ಕಾರಣವಾಗಬಾರದು. ತರಬೇತಿ ಕೊಡುವವರು ಪದಕದ ಆಸನಕ್ಕೆ ಮೊದಲು ಆ ಮಗುವನ್ನು ದಿನಾ ಹತ್ತು ನಿಮಿಷ ಕೂರಿಸಿ, ಈಗ ಉಸಿರು ಎಲ್ಲಿದೆ, ಹೊಟ್ಟೆಯಲ್ಲೋ ಎದೆಯಲ್ಲೋ, ಎಲ್ಲಿ ಬಿಗಿ, ಎಲ್ಲಿ ನೋವು ಎಂದು ಕೇಳಲಿ. ಮಗು ಸಾಕು ಎಂದ ದಿನ ಅಭ್ಯಾಸ ಅಲ್ಲಿಗೇ ನಿಲ್ಲಲಿ, ಸ್ಪರ್ಧೆ ಮರುದಿನವೇ ಇದ್ದರೂ.